ಪಿ2015: ಹಳೆಯ ಡೀಸೆಲ್ ಕಾರಿನ ಇನ್‌ಟೇಕ್ ಆಕ್ಚುಯೇಟರ್ ರಿಪೇರಿ ಕಲಿಸುವ ಪಾಠಗಳು

ಎಂಜಿನ್ನಿನ ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲು ಕೊಳವೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪ್ರತಿ ಸಿಲಿಂಡರಿಗೂ ಗಾಳಿ ಬರಲು ಎರಡು ದಾರಿಗಳು. ಅನೇಕ ಎಂಜಿನ್ನುಗಳಲ್ಲಿ ಒಂದು ದಾರಿಗೆ ಪುಟ್ಟದೊಂದು ಫ್ಲ್ಯಾಪ್ ಇರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಫ್ಲ್ಯಾಪ್ ಮುಚ್ಚಿರುತ್ತದೆ. ಗಾಳಿಯೆಲ್ಲ ಇನ್ನೊಂದೇ ದಾರಿಯಲ್ಲಿ ರಭಸದಿಂದ ನುಗ್ಗಿ ಸಿಲಿಂಡರಿನೊಳಗೆ ಸುಳಿಯಾಗುತ್ತದೆ. ಸುಳಿ ಚೆನ್ನಾಗಿದ್ದರೆ ಡೀಸೆಲ್ ಗಾಳಿಯಲ್ಲಿ ಸರಿಯಾಗಿ ಬೆರೆಯುತ್ತದೆ, ಹೊಗೆ ಕಡಿಮೆಯಾಗುತ್ತದೆ. ವೇಗ ಹೆಚ್ಚಿದಂತೆ ಫ್ಲ್ಯಾಪ್ ತೆರೆದುಕೊಳ್ಳುತ್ತದೆ. 3,000 ಆರ್‌ಪಿಎಂ ಆಸುಪಾಸಿನಲ್ಲಿ ಎರಡೂ ದಾರಿಗಳು ಪೂರ್ತಿ ಬಿಚ್ಚಿಕೊಂಡಿರುತ್ತವೆ. ಈ ಫ್ಲ್ಯಾಪುಗಳನ್ನು ಆಡಿಸುವ ಸಾಧನವೇ ಆಕ್ಚುಯೇಟರ್.

ಆಕ್ಚುಯೇಟರಿನಲ್ಲಿ ಎರಡು ಬಗೆ. ಹಳೆಯದು ನಿರ್ವಾತದಿಂದ ಕೆಲಸ ಮಾಡುವ ಡಯಾಫ್ರಮ್. ಹೊಸದು ವಿದ್ಯುತ್ ಮೋಟಾರ್. ಮೋಟಾರ್ ಇರುವ ಡಬ್ಬಿಯಲ್ಲೇ ಫ್ಲ್ಯಾಪ್ ಎಷ್ಟು ತಿರುಗಿದೆ ಎಂದು ಎಂಜಿನ್ ಕಂಪ್ಯೂಟರಿಗೆ ತಿಳಿಸುವ ಸೆನ್ಸಾರೂ ಇರುತ್ತದೆ. ಮೋಟಾರಿನ ಲಿವರ್‌ನಿಂದ ಒಂದು ಸಣ್ಣ ಕಡ್ಡಿ ಫ್ಲ್ಯಾಪುಗಳ ಶಾಫ್ಟಿಗೆ ಹೋಗುತ್ತದೆ. ಕೆಟ್ಟರೆ ಕೆಡುವುದು ಈ ಇಡೀ ಸರಪಳಿಯಲ್ಲಿ ಎಲ್ಲೋ ಒಂದು ಕಡೆ. ರಿಪೇರಿಯ ಜಾಣತನವೆಲ್ಲ ಆ ಕಡೆ ಯಾವುದು ಎಂದು ಪತ್ತೆ ಹಚ್ಚುವುದರಲ್ಲಿದೆ.

ಯಾವ ಕಾರುಗಳಲ್ಲಿ

ಬೆಂಗಳೂರಿನ ರಸ್ತೆಗಳಲ್ಲಿ ಪಿ2015 ಕೋಡ್ ತರುವ ಈ ದೋಷ ಹೆಚ್ಚಾಗಿ ಕಾಣುವುದು ಫೋಕ್ಸ್‌ವ್ಯಾಗನ್ ಗುಂಪಿನ ಇಎ189 ಕುಟುಂಬದ 2.0 ಲೀಟರ್ ಟಿಡಿಐ ಎಂಜಿನ್ನಿನಲ್ಲಿ. 1,968 ಸಿಸಿಯ ಈ ಎಂಜಿನ್ ಸ್ಕೋಡಾ ಲಾರಾ, ಸೂಪರ್ಬ್, ಫೋಕ್ಸ್‌ವ್ಯಾಗನ್ ಜೆಟ್ಟಾ, ಪಸಾಟ್ ಕಾರುಗಳಲ್ಲಿ ಬಂದಿತ್ತು. 2015ರ ಡೀಸೆಲ್ ಹೊಗೆ ಹಗರಣದಲ್ಲಿ ಜಗತ್ತಿನಾದ್ಯಂತ ಸುದ್ದಿಯಾದದ್ದೂ ಇದೇ ಕುಟುಂಬ. 2010ರ ಸುಮಾರಿಗೆ ಕೊಂಡ ಆ ಕಾರುಗಳಿಗೆ ಈಗ ಹದಿನೈದು ವರ್ಷ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ಬಂದ ನಿರ್ಬಂಧ ಇಲ್ಲಿಲ್ಲ. ಫಿಟ್‌ನೆಸ್ ಪರೀಕ್ಷೆ ಪಾಸಾಗಿ, ಹಸಿರು ತೆರಿಗೆ ಕಟ್ಟಿದರೆ ನೋಂದಣಿ ಮತ್ತೆ ಐದು ವರ್ಷ ನವೀಕರಣವಾಗುತ್ತದೆ. ಹಾಗಾಗಿ ಮಡಿವಾಳ, ಬಿಟಿಎಂ ಲೇಔಟ್, ಜಯನಗರದ ಬೀದಿಗಳಲ್ಲಿ ಇವು ಇನ್ನೂ ಓಡುತ್ತಿವೆ. ಕೆಳಗಿನ ಪಾಠಗಳು ಮಡಿವಾಳದಲ್ಲಿ ಅಂಥದೊಂದು ಕಾರಿನ ಬಾನೆಟ್ ಎತ್ತಿ, ಕೈ ಮಸಿ ಮಾಡಿಕೊಂಡು ಕಲಿತವು.

ಬೇರೆ ಎಂಜಿನ್ನುಗಳಲ್ಲಿ ಇದೇ ಭಾಗ ಬೇರೆ ರೀತಿಯಲ್ಲಿ ಕಾಡುತ್ತದೆ. ಮರ್ಸಿಡಿಸ್‌ನ ಒಎಂ642 ವಿ6 ಡೀಸೆಲ್‌ನಲ್ಲಿ ಟರ್ಬೊ ಬಾಯಿಯ ಸೀಲ್ ಸವೆದು ಆಯಿಲ್ ತೊಟ್ಟಿಕ್ಕಿ, ಕೆಳಗಿರುವ ಫ್ಲ್ಯಾಪ್ ಮೋಟಾರನ್ನೇ ಸುಡುತ್ತದೆ. ಅಲ್ಲಿ ಸೀಲ್ ಬದಲಿಸದೆ ಮೋಟಾರ್ ಬದಲಿಸಿ ಪ್ರಯೋಜನವಿಲ್ಲ. ಬಿಎಂಡಬ್ಲ್ಯುವಿನ ಹಳೆಯ ಎಂ47, ಎಂ57 ಡೀಸೆಲ್‌ಗಳಲ್ಲಿ ಲೋಹದ ಫ್ಲ್ಯಾಪೇ ಮುರಿದು ಸಿಲಿಂಡರಿಗೆ ಬಿದ್ದ ಪ್ರಕರಣಗಳಿವೆ. ಅಲ್ಲಿ ಹೋಗುವುದು ಎಂಜಿನ್ನೇ.

ಏಕೆ ಕೆಡುತ್ತದೆ

ಇಎ189ರ ಮ್ಯಾನಿಫೋಲ್ಡ್ ಪ್ಲಾಸ್ಟಿಕ್‌ನದು. ಲಿವರ್ ತನ್ನ ಓಟದ ಕೊನೆಯಲ್ಲಿ ಒಂದು ಪ್ಲಾಸ್ಟಿಕ್ ತಡೆಗೆ ಬಡಿದು ನಿಲ್ಲಬೇಕು, ಬಾಗಿಲು ಗೋಡೆಯ ಸ್ಟಾಪರಿಗೆ ತಾಕಿ ನಿಂತಂತೆ. ವರ್ಷಗಟ್ಟಲೆ ಬಡಿದು ಬಡಿದು ಆ ತಡೆ ಸವೆಯುತ್ತದೆ. ಲಿವರ್ ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ಸೆನ್ಸಾರ್ ಇದ್ದದ್ದನ್ನು ಇದ್ದಂತೆಯೇ ಹೇಳುತ್ತದೆ, ಆದರೆ ಆ ವೋಲ್ಟೇಜ್ ಕಂಪ್ಯೂಟರ್ ನಿರೀಕ್ಷಿಸುವ ಮಿತಿಯ ಆಚೆಗಿರುತ್ತದೆ. ಆಗ ದಾಖಲಾಗುವ ಕೋಡ್ ಪಿ2015.

ಎರಡನೆಯ ಕಾರಣ ಮಸಿ. ಇಜಿಆರ್ ವಾಲ್ವ್ ಸೈಲೆನ್ಸರಿಗೆ ಹೋಗಬೇಕಾದ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ತಿರುಗಿಸುತ್ತದೆ. ಕ್ರಾಂಕ್‌ಕೇಸಿನಿಂದ ಬರುವ ಆಯಿಲ್ ಆವಿ ಆ ಹೊಗೆಯ ಜೊತೆ ಸೇರಿ ಡಾಂಬರಿನಂಥ ಪದರ ಕಟ್ಟುತ್ತದೆ. ಎಂಜಿನ್ ಮೇಲೆ ಹೊರೆ ಕಡಿಮೆ ಇರುವಾಗಲೇ ಇಜಿಆರ್ ಹೆಚ್ಚು ತೆರೆದಿರುತ್ತದೆ. ಫ್ಲ್ಯಾಪುಗಳು ಮುಚ್ಚಿರುವುದೂ ಆಗಲೇ. ಮಡಿವಾಳ ಮಾರುಕಟ್ಟೆಯಿಂದ ಸಿಲ್ಕ್ ಬೋರ್ಡ್‌ವರೆಗೆ ಸಂಜೆ ಹೊತ್ತು ಮೊದಲ, ಎರಡನೆಯ ಗೇರಿನಲ್ಲೇ ತೆವಳುವ ಕಾರಿಗೆ ಇದಕ್ಕಿಂತ ಕೆಟ್ಟ ವಾತಾವರಣ ಬೇಕಿಲ್ಲ. ಹೆದ್ದಾರಿಯಲ್ಲಿ ಹೆಚ್ಚು ಓಡಿದ ಕಾರು ಲಕ್ಷ ಕಿಲೋಮೀಟರ್ ದಾಟಿಯೂ ಸ್ವಚ್ಛವಾಗಿರಬಹುದು. ಊರೊಳಗೇ ಸುತ್ತುವ ಕಾರು ಅದಕ್ಕಿಂತ ಬಹಳ ಮೊದಲೇ ಮಸಿ ಕಟ್ಟಿಕೊಂಡಿರುತ್ತದೆ.

ಲಕ್ಷಣಗಳು

ಮೊದಲು ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ; ಕೆಲವು ಸಲ ಗ್ಲೋ ಪ್ಲಗ್ಗಿನ ಸುರುಳಿ ದೀಪ ಮಿಟುಕುತ್ತದೆ. ಪಿಕಪ್ ಕುಗ್ಗಬಹುದು, ಕಪ್ಪು ಹೊಗೆ ಬರಬಹುದು, ಕಾರು ಶಕ್ತಿ ತಗ್ಗಿಸಿಕೊಂಡು ಓಡುವ ಲಿಂಪ್ ಮೋಡ್‌ಗೆ ಹೋಗಬಹುದು. ಏನೂ ವ್ಯತ್ಯಾಸ ಕಾಣದೆ ದೀಪ ಮಾತ್ರ ಉರಿಯುವುದೂ ಉಂಟು. ಓಡಿಸಲು ತೊಂದರೆಯಿಲ್ಲವೆಂದು ಸುಮ್ಮನಿದ್ದರೆ, ಅದೇ ದೀಪದಡಿ ನಾಳೆ ಹುಟ್ಟುವ ಬೇರೆ ದೋಷ ಗೊತ್ತಾಗುವುದೇ ಇಲ್ಲ.

ಪತ್ತೆ ಹಚ್ಚುವ ಕ್ರಮ

ಸ್ಕ್ಯಾನರ್ ಹಾಕಿದರೆ ‘ಇನ್‌ಟೇಕ್ ಫ್ಲ್ಯಾಪ್ ಪೊಸಿಷನ್ ಸೆನ್ಸಾರ್’ ಎಂಬ ವಿವರ ಬರುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಸ್ಕ್ಯಾನರಿನಲ್ಲಿ ಇದೇ ಕೋಡ್ 8213 ಎಂದೂ ಕಾಣಬಹುದು. ಹೆಸರಿನಲ್ಲಿ ಸೆನ್ಸಾರ್ ಇದೆಯೆಂದು ಸೆನ್ಸಾರನ್ನೇ ದೂರುವುದು ವಾಡಿಕೆ. ಅದು ಮೋಟಾರಿನ ಜೊತೆಗೆ, ಮೋಟಾರ್ ಮ್ಯಾನಿಫೋಲ್ಡಿನ ಜೊತೆಗೆ ಬರುವುದರಿಂದ ‘ಇಡೀ ಅಸೆಂಬ್ಲಿ ಬದಲಿಸಿ’ ಎಂಬ ಸಲಹೆ ತಕ್ಷಣ ಬರುತ್ತದೆ. ಅದರ ಬೆಲೆ ಹತ್ತಾರು ಸಾವಿರ. ಆ ಬಿಲ್ಲಿಗೆ ಒಪ್ಪುವ ಮುನ್ನ ನಾಲ್ಕು ಪರೀಕ್ಷೆ ಮಾಡಿಸಬೇಕು.

ಒಂದು, ಕೋಡ್ ಅಳಿಸಿ ಅದು ಯಾವಾಗ ಮರಳುತ್ತದೆ ಎಂದು ಗಮನಿಸುವುದು. ಕೀ ತಿರುಗಿಸಿದ ಕೂಡಲೇ ಬಂದರೆ ವೈರಿಂಗ್ ಅಥವಾ ಸೆನ್ಸಾರಿನ ಮೇಲೆ ಅನುಮಾನ. ಒಂದಷ್ಟು ಓಡಿದ ಮೇಲೆ, ಲಿವರ್ ತುದಿಯಿಂದ ತುದಿಗೆ ಹೋದಾಗ ಬಂದರೆ ತಡೆ ಸವೆದಿರುವ ಸಂಭವ ಹೆಚ್ಚು.

ಎರಡು, ಲಿವರನ್ನು ಕಣ್ಣಾರೆ ನೋಡುವುದು. ಈ ಕಾರುಗಳಲ್ಲಿ ಮ್ಯಾನಿಫೋಲ್ಡ್ ರೇಡಿಯೇಟರ್ ಕಡೆಗಿದೆ. ಕತ್ತು ಬಗ್ಗಿಸಿ ನೋಡುವಷ್ಟು ಜಾಗವಿಲ್ಲ, ಆದರೆ ಟಾರ್ಚ್ ಹಚ್ಚಿದ ಮೊಬೈಲನ್ನು ಇಳಿಬಿಟ್ಟು ವಿಡಿಯೊ ತೆಗೆಯಬಹುದು. ಒಬ್ಬರು ಎಂಜಿನ್ ಚಾಲೂ ಮಾಡಿ ಆಫ್ ಮಾಡಬೇಕು. ಆಫ್ ಮಾಡಿದ ಮರುಕ್ಷಣ ಮೋಟಾರ್ ‘ಝುಂಯ್’ ಎಂದು ಲಿವರನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ ಒಯ್ದು ತರುತ್ತದೆ. ಲಿವರ್ ಸಲೀಸಾಗಿ ಹೋಗಿ ಬಂದರೆ ಮೋಟಾರ್ ಜೀವಂತವಾಗಿದೆ. ತಡೆಯ ಅಂಚಿನಲ್ಲಿ ಲಿವರಿನ ಅಗಲಕ್ಕೇ ಬಿದ್ದ ಹೊಳಪು ಗುಳಿಯೊಂದು ವಿಡಿಯೊದಲ್ಲಿ ಕಂಡರೆ ರೋಗ ಸಿಕ್ಕಿತು.

ಮೂರು, ಕಡ್ಡಿಯನ್ನು ಬಿಡಿಸಿ ಶಾಫ್ಟನ್ನು ಬೆರಳಿನಿಂದ ತಿರುಗಿಸುವುದು. ಹಗುರವಾಗಿ ತಿರುಗಿದರೆ ಒಳಗೆ ಅಡ್ಡಿಯಿಲ್ಲ. ಜಿಗುಟಾಗಿದ್ದರೆ ಮಸಿ ಕಟ್ಟಿದೆ. ಹಿಡಿದುಕೊಂಡ ಶಾಫ್ಟಿಗೆ ಹೊಸ ಮೋಟಾರ್ ಕೂರಿಸಿದರೆ ಅದೂ ಬೇಗನೆ ಸಾಯುತ್ತದೆ.

ನಾಲ್ಕು, ಕನೆಕ್ಟರ್ ಕಳಚಿ ಪಿನ್ನುಗಳಲ್ಲಿ ಆಯಿಲ್, ಕಿಲುಬು ಇದೆಯೇ, ಸೆನ್ಸಾರಿಗೆ 5 ವೋಲ್ಟ್ ಬರುತ್ತಿದೆಯೇ ಎಂದು ಮಲ್ಟಿಮೀಟರ್ ಹಿಡಿದು ನೋಡುವುದು.

ನಿರ್ವಾತದ ಆಕ್ಚುಯೇಟರ್ ಇರುವ ಕಾರಿನಲ್ಲಿ ಪರೀಕ್ಷೆ ಇನ್ನೂ ಸುಲಭ. ಕೈಪಂಪಿನಿಂದ ನಿರ್ವಾತ ಕೊಟ್ಟಾಗ ಕಡ್ಡಿ ಒಳಗೆ ಎಳೆದುಕೊಂಡು ಅಲ್ಲೇ ನಿಲ್ಲಬೇಕು. ಪಂಪಿನ ಮೀಟರಿನ ಮುಳ್ಳು ಇಳಿಯುತ್ತ ಹೋದರೆ ಡಯಾಫ್ರಮ್ ಹರಿದಿದೆ. ಅದು ಚೆನ್ನಾಗಿದ್ದರೆ ಸೀಳಿದ ರಬ್ಬರ್ ಕೊಳವೆ, ಸೊಲೆನಾಯ್ಡ್ ವಾಲ್ವ್ ನೋಡಬೇಕು.

ಯಾವುದಕ್ಕೆ ಯಾವ ರಿಪೇರಿ

ಶಾಫ್ಟ್ ಹಗುರ, ಮೋಟಾರ್ ಸರಿ, ತಡೆ ಮಾತ್ರ ಸವೆದಿದ್ದರೆ ಮ್ಯಾನಿಫೋಲ್ಡನ್ನು ಬಿಚ್ಚುವ ಅಗತ್ಯವೇ ಇಲ್ಲ. ಲಿವರಿಗೆ ಹೊಸ ತಡೆಯಾಗಿ ನಿಲ್ಲುವ ಅಲ್ಯೂಮಿನಿಯಂ ಬ್ರಾಕೆಟ್ ಈ ಎಂಜಿನ್ನಿಗೆಂದೇ ಸಿಗುತ್ತದೆ. ಬೆಲೆ ಮ್ಯಾನಿಫೋಲ್ಡಿನ ಬೆಲೆಯ ಸಣ್ಣದೊಂದು ಪಾಲು. ಶಾಫ್ಟ್ ಜಿಗುಟಾಗಿದ್ದರೆ ಮ್ಯಾನಿಫೋಲ್ಡ್ ಇಳಿಸಿ ತೊಳೆಯಬೇಕು. ಶಾಫ್ಟ್ ಮುರಿದಿದ್ದರೆ ಅಥವಾ ಅದರ ಗೂಡು ಸಡಿಲವಾಗಿದ್ದರೆ ಇಡೀ ಮ್ಯಾನಿಫೋಲ್ಡ್ ಬದಲಿಸುವುದೇ ಸರಿ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕುವವರು 03ಎಲ್ 129 711 ಎಂಬ ಪಾರ್ಟ್ ನಂಬರಿನ ಕೊನೆಯ ಅಕ್ಷರವನ್ನೂ ಹಳೆಯದರೊಂದಿಗೆ ತಾಳೆ ನೋಡಬೇಕು.

ಫ್ಲ್ಯಾಪ್ ಕಿತ್ತು, ಕಂಪ್ಯೂಟರಿನಲ್ಲಿ ಆ ಭಾಗವನ್ನೇ ಆಫ್ ಮಾಡಿಸುವ ಉಪಾಯವನ್ನೂ ಕೆಲವರು ಸೂಚಿಸುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಕಾನೂನು ಬದಿಗಿಟ್ಟರೂ, ನಿಧಾನ ವೇಗದ ಸುಳಿ ತಪ್ಪಿದ ಎಂಜಿನ್ ಊರೊಳಗೆ ಹೆಚ್ಚು ಹೊಗೆ ಉಗುಳುತ್ತದೆ. ನೋಂದಣಿ ನವೀಕರಣಕ್ಕೆ ಹೋದಾಗ ಅದು ಎದುರಾಗುತ್ತದೆ.

ಕೆಲಸದ ವೇಳೆ ಗಮನಿಸಬೇಕಾದವು

ಎಂಜಿನ್ ಪೂರ್ತಿ ತಣ್ಣಗಾಗಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದ ಮೇಲಷ್ಟೇ ಕೈ ಹಾಕಬೇಕು. ಈ ಎಂಜಿನ್ನಿನ ಕಾಮನ್ ರೈಲ್‌ನಲ್ಲಿ ಒತ್ತಡ 1,800 ಬಾರ್‌ವರೆಗೆ ಏರುತ್ತದೆ. ಸ್ಟೀಲಿನ ಡೀಸೆಲ್ ಪೈಪುಗಳು ಅಡ್ಡಬಂದವೆಂದು ಸಡಿಲಿಸುವುದು ಅಪಾಯ. ಒಳಗೆ ಒಂದು ಕಣ ಧೂಳು ಹೋದರೂ ಇಂಜೆಕ್ಟರಿಗೆ ಏಟು. ಅಂಥ ಕೆಲಸ ಡೀಸೆಲ್ ಪಂಪ್ ಬಲ್ಲವರಿಗೇ ಇರಲಿ. 1951ರಲ್ಲಿ ಶುರುವಾದ ಮೈಕೋ ಕಂಪನಿ ಮಡಿವಾಳದ ಪಕ್ಕದ ಆಡುಗೋಡಿಯಲ್ಲೇ ಕಾರ್ಖಾನೆ ನಡೆಸಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ತಯಾರಿಸಿದ ಊರಿದು. ಆ ವಿದ್ಯೆ ಬಲ್ಲವರಿಗೆ ಇಲ್ಲಿ ಬರವಿಲ್ಲ.

ಬ್ರಾಕೆಟ್ ಕೂರಿಸುವುದು ಸಣ್ಣ ಕೆಲಸ, ಜಾಗ ಇಕ್ಕಟ್ಟು ಅಷ್ಟೇ. ಕೈಜಾರಿದ ಸ್ಕ್ರೂ ಕೆಳಗಿನ ಕವರಿನೊಳಗೆ ಮಾಯವಾಗುವುದರಿಂದ ಮೊದಲೇ ಒಂದು ಬಟ್ಟೆ ಹಾಸಿರಬೇಕು. ಮ್ಯಾನಿಫೋಲ್ಡ್ ಇಳಿಸಿದರೆ ಸಿಲಿಂಡರ್ ಹೆಡ್ಡಿನ ತೂತುಗಳಿಗೆ ಕೂಡಲೇ ಒಣ ಬಟ್ಟೆ ತುರುಕಬೇಕು. ಒಳಗೆ ಬಿದ್ದ ಗಟ್ಟಿ ಚೂರು ವಾಲ್ವನ್ನು ಕೆಡಿಸುತ್ತದೆ. ಮಸಿಯನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆದು, ಇನ್‌ಟೇಕ್ ಕ್ಲೀನರ್ ಸಿಂಪಡಿಸಿ, ನೆನೆಸಿ ತೊಳೆಯಬೇಕು. ಸ್ಟೀಲ್ ಬ್ರಷ್, ಕಾಸ್ಟಿಕ್ ಸೋಡಾ ಬೇಡ. ಮೋಟಾರ್ ಡಬ್ಬಿಗೆ ನೀರಾಗಲಿ ಕ್ಲೀನರ್ ಆಗಲಿ ತಾಗಬಾರದು. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬಾರದು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಜೋರು ಮಾಡಿದರೆ ಪ್ಲಾಸ್ಟಿಕ್ ಸೀಳುತ್ತದೆ. ಮಸಿ ವಿಪರೀತವಿದ್ದರೆ ಇಜಿಆರ್ ವಾಲ್ವನ್ನೂ ಆಗಲೇ ಶುಚಿ ಮಾಡುವುದು ಲೇಸು.

ರಿಪೇರಿಯಾದ ಮೇಲೆ

ಕೋಡ್ ಅಳಿಸಿ, ಸ್ಕ್ಯಾನರಿನ ಬೇಸಿಕ್ ಸೆಟ್ಟಿಂಗ್ಸ್‌ನಲ್ಲಿ ಫ್ಲ್ಯಾಪಿನ ಎರಡು ತುದಿಗಳನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು. ಬಳಿಕ ಎಂಜಿನ್ 3,000 ಆರ್‌ಪಿಎಂ ದಾಟುವಂತೆ ಓಡಿಸಿ ನೋಡಬೇಕು. ಮಡಿವಾಳದವರಿಗೆ ಇದಕ್ಕೆ ಹತ್ತಿರದ ರಸ್ತೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಸುಮಾರು 10 ಕಿಲೋಮೀಟರಿನ ಎಲಿವೇಟೆಡ್ ಹೆದ್ದಾರಿ. ಅಲ್ಲಿ ವೇಗದ ಮಿತಿಯೊಳಗೇ, ಕೆಳಗಿನ ಗೇರಿನಲ್ಲಿ, ಎಂಜಿನ್ನಿಗೆ ಉಸಿರಾಡಲು ಬಿಡಬಹುದು. ವಾರಕ್ಕೊಮ್ಮೆ ಹೀಗೆ ಓಡಿಸಿದರೆ ಫ್ಲ್ಯಾಪ್ ಪೂರ್ತಿ ತೆರೆದು ಮುಚ್ಚುತ್ತದೆ, ಮಸಿ ಕಟ್ಟುವ ವೇಗವೂ ತಗ್ಗುತ್ತದೆ. ಕಾಲಕಾಲಕ್ಕೆ ಸರಿಯಾದ ಗ್ರೇಡಿನ ಆಯಿಲ್ ಬದಲಿಸುವುದೂ ಅಷ್ಟೇ ಮುಖ್ಯ.

ಪಿ2015 ಬಂದ ಕಾರುಗಳಲ್ಲೆಲ್ಲ ಮ್ಯಾನಿಫೋಲ್ಡ್ ಹಾಳಾಗಿರುವುದಿಲ್ಲ. ಹಳೆಯ ಕಾರಿನ ಮಾಲೀಕರು ಗ್ಯಾರೇಜಿನಲ್ಲಿ ಹೊಸ ಬಿಡಿಭಾಗದ ಬೆಲೆ ಕೇಳುವ ಮೊದಲು ಕೇಳಬೇಕಾದದ್ದು ಇಷ್ಟೇ: ಲಿವರ್ ಆಡುವುದನ್ನು ತೋರಿಸಿ. ತೋರಿಸಲು ಒಪ್ಪದ ಗ್ಯಾರೇಜಿನಲ್ಲಿ ಕಾರು ಬಿಡುವುದು ಬೇಡ.