ಬಲೂನಿನ ಜಾಗ ಮೊದಲು, ಮುಖ ಆಮೇಲೆ

ಮಕ್ಕಳ ಪತ್ರಿಕೆಗಳಿಗೆ ಚಿತ್ರಕಥೆ ಬರೆಯುತ್ತ, ಬೇರೆ ಕಲಾವಿದರ ಪುಟಗಳಿಗೆ ಅಕ್ಷರ ಕೂರಿಸುತ್ತ ನನ್ನ ವೃತ್ತಿಜೀವನದ ಬಹುಭಾಗ ಕಳೆದಿದೆ. ಕಾಮಿಕ್ಸ್ ಕಾರ್ಯಾಗಾರಕ್ಕೆ ಬರುವ ಎಳೆಯರು ಮುಖಭಾವದ ಬಗ್ಗೆ ಕೇಳುತ್ತಾರೆ, ಕೈಬೆರಳು ಬರೆಯುವುದು ಹೇಗೆಂದು ಕೇಳುತ್ತಾರೆ, ಯಾವ ಟ್ಯಾಬ್ಲೆಟ್ ಕೊಳ್ಳಲಿ ಎಂದು ಕೇಳುತ್ತಾರೆ. ಅಕ್ಷರದ ಮಾತು ಬರುವುದೇ ಇಲ್ಲ. ಚಿತ್ರ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಯಾವುದೋ ಒಂದು ಫಾಂಟ್ ಹಾಕಿದರಾಯಿತು ಎಂಬ ಭಾವನೆ ಗಟ್ಟಿಯಾಗಿದೆ. ಒಳ್ಳೆಯ ಚಿತ್ರಗಾರರ ಎಷ್ಟೋ ಕನ್ನಡ ಪುಟಗಳು ಸೊರಗುವುದು ಇಲ್ಲೇ. ಹಾಗಾಗಿ ಈ ಪಾಠಗಳಲ್ಲಿ ಅಕ್ಷರಕ್ಕೇ ಹೆಚ್ಚು ಪಾಲು.

1. ಪೆನ್ಸಿಲ್ ಹಂತದಲ್ಲೇ ಮಾತಿಗೆ ಜಾಗ ಬಿಡಿ

ಅಮೆರಿಕದ ಕಾಮಿಕ್ಸ್‌ಗಳಲ್ಲಿ ಸಂಭಾಷಣೆಯನ್ನು ಹೆಚ್ಚಾಗಿ ಪೂರ್ತಿ ದೊಡ್ಡಕ್ಷರಗಳಲ್ಲೇ ಬರೆಯುತ್ತಾರೆ. ಎಲ್ಲಕ್ಕೂ ಒಂದೇ ಎತ್ತರ, ಕೆಳಗಿಳಿಯುವ ಬಾಲವಿಲ್ಲ. ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು. ನಮ್ಮ ಲಿಪಿಗೆ ಆ ಸೌಕರ್ಯವಿಲ್ಲ. ‘ಶಾಸ್ತ್ರಿಗಳು’ ಎಂದು ಬರೆದರೆ ಒಂದಲ್ಲ, ಎರಡು ಒತ್ತು ಕೆಳಗಿಳಿಯುತ್ತವೆ. ಕೆಳಸಾಲಿನಲ್ಲಿ ಸರಿಯಾಗಿ ಅದೇ ಜಾಗಕ್ಕೆ ‘ಕೀಲಿ’ಯ ಗುಡಿಸು ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ನಾನು ಎರಡು ಸಾಲುಗಳ ನಡುವೆ ಹೆಚ್ಚುಕಡಿಮೆ ಒಂದು ಅಕ್ಷರದಷ್ಟೇ ಎತ್ತರ ಖಾಲಿ ಬಿಡುತ್ತೇನೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹಿಡಿಯುವ ಬಲೂನಿನಲ್ಲಿ ಕನ್ನಡ ಎರಡೋ ಮೂರೋ ಸಾಲು ಹಿಡಿದೀತು. ಸಾಲದ್ದಕ್ಕೆ ನಮ್ಮ ಪದಗಳು ಉದ್ದ. ‘ಹೋಗಬೇಕಾಗಿತ್ತಲ್ಲವೇ’ ಎಂಬ ಒಂದೇ ಪದ ಇಡೀ ಸಾಲನ್ನು ನುಂಗುತ್ತದೆ. ಅದನ್ನು ಮುರಿದು ಎರಡು ಸಾಲಿಗೆ ಹಂಚಿದರೆ ಮಾತಿನ ಲಯವೇ ಕೆಡುತ್ತದೆ.

ಆದ್ದರಿಂದ ಮೊದಲ ಕಚ್ಚಾ ಚಿತ್ರದಲ್ಲೇ ಬಲೂನು ಎಳೆದು, ಮಾತನ್ನು ಅದರೊಳಗೆ ಕೈಯಾರೆ ಬರೆದು ನೋಡಿ. ಮೊದಲು ಮಾತಾಡುವವರ ಬಲೂನು ಎಡಕ್ಕೆ, ಮೇಲಕ್ಕೆ ಬರಲಿ. ಉಳಿದ ಜಾಗ ನೋಡಿಕೊಂಡು ಆಮೇಲೆ ಮುಖ ಬರೆಯಿರಿ. ಮಾತು ಹಿಡಿಸದಿದ್ದರೆ ಮಾತಿಗೇ ಕತ್ತರಿ ಹಾಕಿ, ಅಕ್ಷರದ ಅಳತೆ ಇಳಿಸಬೇಡಿ.

2. ಸಮಯ ಹಿಗ್ಗಬೇಕಾದರೆ ಚೌಕ ಕುಗ್ಗಬೇಕು

ನಾನು ಮತ್ತೆ ಮತ್ತೆ ತೆರೆದು ನೋಡುವ ಕಥೆ ಬರ್ನಾರ್ಡ್ ಕ್ರಿಗ್‌ಸ್ಟೀನ್ ಚಿತ್ರಿಸಿದ ‘ಮಾಸ್ಟರ್ ರೇಸ್’. 1955ರಲ್ಲಿ ಇಸಿ ಕಾಮಿಕ್ಸ್‌ನ ‘ಇಂಪ್ಯಾಕ್ಟ್’ ಮೊದಲ ಸಂಚಿಕೆಯಲ್ಲಿ ಬಂತು. ನಾಜಿ ಯಾತನಾ ಶಿಬಿರದ ನೆನಪು ಹೊತ್ತ ಒಬ್ಬ ವ್ಯಕ್ತಿಗೆ ಸಬ್‌ವೇ ರೈಲಿನಲ್ಲಿ ಒಂದು ಪರಿಚಿತ ಮುಖ ಎದುರಾಗುತ್ತದೆ. ಅವನು ಓಡುತ್ತಾನೆ, ಕಾಲು ಜಾರಿ ಹಳಿಗೆ ಬೀಳುತ್ತಾನೆ. ಅವನು ಶಿಬಿರದ ಕೈದಿಯಾಗಿರಲಿಲ್ಲ, ಅದನ್ನು ನಡೆಸಿದವನೇ ಎಂಬುದು ನಮಗೆ ತಡವಾಗಿ ತಿಳಿಯುತ್ತದೆ.

ಇಸಿಯಲ್ಲಿ ಒಂದು ಪದ್ಧತಿಯಿತ್ತು. ಕಥೆಯ ಮಾತುಗಳನ್ನೆಲ್ಲ ಲೆರಾಯ್ ಎಂಬ ಯಾಂತ್ರಿಕ ಸಾಧನದಿಂದ ಮೊದಲೇ ಬೋರ್ಡಿನ ಮೇಲೆ ಬರೆದು, ಚೌಕಗಳನ್ನೂ ಎಳೆದು ಕಲಾವಿದನ ಕೈಗೆ ಕೊಡುತ್ತಿದ್ದರು. ಚಿತ್ರಗಾರ ಖಾಲಿ ಜಾಗ ತುಂಬಬೇಕು, ಅಷ್ಟೆ. ಕ್ರಿಗ್‌ಸ್ಟೀನ್‌ಗೆ ಸಿಕ್ಕಿದ್ದು ಆರು ಪುಟ. ಅವರು ಹನ್ನೆರಡು ಕೇಳಿದರು, ಎಂಟು ದಕ್ಕಿತು. ಆಗ ಅಕ್ಷರ ಬರೆದಿಟ್ಟಿದ್ದ ಬೋರ್ಡುಗಳನ್ನೇ ಕತ್ತರಿಸಿ, ಬೇಕಾದಂತೆ ಮರುಜೋಡಿಸಿ, ಒಂದು ಚೌಕ ಇದ್ದಲ್ಲಿ ಹಲವು ಚೌಕ ಮಾಡಿದರು. ಕೊನೆಯ ಪುಟದಲ್ಲಿ ಬೀಳುವ ಮನುಷ್ಯನನ್ನು ಕಿರಿದಾದ ಪಟ್ಟಿಗಳಲ್ಲಿ ತುಣುಕು ತುಣುಕಾಗಿ ತೋರಿಸುತ್ತಾರೆ. ಹಾದುಹೋಗುವ ರೈಲಿನ ಕಿಟಕಿಯಲ್ಲಿ ಪ್ರಯಾಣಿಕರ ಮುಖಗಳು ಒಂದರ ಪಕ್ಕ ಒಂದಾಗಿ ಮರುಕಳಿಸುತ್ತವೆ. ವೇಗ ಕಣ್ಣಿಗೆ ಕಾಣುತ್ತದೆ, ಆದರೆ ಓದುಗ ಮಾತ್ರ ನಿಧಾನಕ್ಕೆ ಚಲಿಸುತ್ತಾನೆ. ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅಕ್ಷರ ಎಲ್ಲಿ ಇರಬಾರದು ಎಂಬುದನ್ನೂ ಕ್ರಿಗ್‌ಸ್ಟೀನ್ ತಾವೇ ನಿರ್ಧರಿಸಿದರು. ಅದಕ್ಕಾಗಿ ಕತ್ತರಿ ಹಿಡಿದರು. ಆ ಧೈರ್ಯಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

3. ಒಬ್ಬೊಬ್ಬರಿಗೆ ಒಂದೊಂದು ದನಿ, ಆದರೆ ಲೆಕ್ಕ ಇರಲಿ

ವಾಲ್ಟ್ ಕೆಲ್ಲಿ ತಮ್ಮ ‘ಪೋಗೊ’ ಪಟ್ಟಿಚಿತ್ರದಲ್ಲಿ ಪಾದ್ರಿಯಂಥ ಪಾತ್ರಕ್ಕೆ ಹಳೆಯ ಬೈಬಲ್ ಮುದ್ರಣದ ಗಾಥಿಕ್ ಅಕ್ಷರ ಕೊಟ್ಟರು, ಸರ್ಕಸ್ ದಲ್ಲಾಳಿಗೆ ಸರ್ಕಸ್ ಪೋಸ್ಟರಿನ ಅಕ್ಷರ. 1989ರಲ್ಲಿ ಶುರುವಾದ ‘ಸ್ಯಾಂಡ್‌ಮನ್’ ಸರಣಿಗೆ ಅಕ್ಷರ ಬರೆದ ಟಾಡ್ ಕ್ಲೈನ್, ಕನಸುಗಳ ಒಡೆಯನ ಮಾತನ್ನು ಅಲೆಯಂಚಿನ ಕಪ್ಪು ಬಲೂನಿನಲ್ಲಿ ಬಿಳಿ ಅಕ್ಷರವಾಗಿ ಇಟ್ಟರು. ಅವನ ತಂಗಿ ಡಿಲಿರಿಯಂ ಮಾತಾಡಿದರೆ ಬಲೂನಿನ ಬಣ್ಣವೂ ಅಕ್ಷರದ ಗಾತ್ರವೂ ನಿಂತಲ್ಲಿ ನಿಲ್ಲುವುದಿಲ್ಲ. ಡೇವಿಡ್ ಮಜ್ಜುಕೆಲ್ಲಿ 2009ರ ‘ಆಸ್ಟೆರಿಯೋಸ್ ಪಾಲಿಪ್’ನಲ್ಲಿ ಪ್ರತಿ ಪಾತ್ರಕ್ಕೂ ಬೇರೆ ಅಕ್ಷರ, ಬೇರೆ ಬಲೂನು ಕೊಟ್ಟು ಇದನ್ನು ತುತ್ತತುದಿಗೆ ಒಯ್ದರು.

ಕನ್ನಡದಲ್ಲಿ ಇದನ್ನು ಮಾಡಲು ನಮ್ಮ ಕೈಯಲ್ಲಿರುವ ಒಳ್ಳೆಯ ಸಾಧನ ತಲೆಕಟ್ಟು. ಸಿಡುಕನ ತಲೆಕಟ್ಟನ್ನು ಚೂಪಾಗಿ ಮೇಲಕ್ಕೆತ್ತಿ, ಮುದುಕಿಯದನ್ನು ಕೊಂಚ ನಡುಗಿಸಿ, ಯಂತ್ರಮಾನವನದನ್ನು ಸ್ಕೇಲ್ ಇಟ್ಟು ಎಳೆಯಿರಿ. ಅಕ್ಷರದ ಹೊಟ್ಟೆಯನ್ನು ಮಾತ್ರ ಕೆಡಿಸಬೇಡಿ. ‘ಧ’, ‘ಫ’, ‘ಢ’ಗಳ ಕೆಳಗಿನ ಸೀಳುಗೆರೆ ತೀರ ಸಣ್ಣದು. ಅಗ್ಗದ ಕಾಗದದಲ್ಲಿ ಶಾಯಿ ಹರಡಿದರೆ ಅದು ಮುಚ್ಚಿಹೋಗಿ, ಸಾಹುಕಾರನ ‘ಧನ’ ದನವಾಗಿ ಕೂರುತ್ತದೆ. ನಾನು ಆ ಗೆರೆಯನ್ನು ಇರಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿಯೇ ಎಳೆಯುತ್ತೇನೆ. ಒಂದು ಕಥೆಯಲ್ಲಿ ಎರಡು ವಿಶೇಷ ದನಿ ಸಾಕು. ಉಳಿದವರೆಲ್ಲ ಒಂದೇ ಅಕ್ಷರದಲ್ಲಿ ಮಾತಾಡಿದರೆ ಮಾತ್ರ ಆ ಇಬ್ಬರ ದನಿ ಎದ್ದು ಕೇಳುತ್ತದೆ.

4. ಸದ್ದನ್ನು ದೃಶ್ಯದೊಳಗೆ ಬರೆಯಿರಿ

ಜಿಟಿಜಿಟಿ, ಧೋ, ಚಟಚಟ, ಠಣ್, ದಬದಬ, ಗಳಗಳ. ಅನುಕರಣ ಶಬ್ದಗಳಿಗೆ ಕನ್ನಡದಲ್ಲಿ ಬರವೇ ಇಲ್ಲ. ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಈಗಿನ ಪುಟಗಳಲ್ಲಿ ‘ಬೂಮ್’, ‘ಕ್ರ್ಯಾಶ್’ಗಳದ್ದೇ ಕಾರುಬಾರು, ಅದೂ ಕೊನೆಯಲ್ಲಿ ಮೇಲಿಂದ ಅಂಟಿಸಿದಂತೆ. ಸದ್ದೂ ಪೆನ್ಸಿಲ್ ಹಂತದಲ್ಲೇ ಹುಟ್ಟಬೇಕು. ಮಳೆಯ ದೃಶ್ಯಕ್ಕೆ ನಾನು ‘ಧೋ’ ಬರೆಯುವಾಗ ದೀರ್ಘದ ಬಾಲವನ್ನು ಚೌಕದ ಮೇಲಂಚಿನಿಂದ ಕೆಳಗಿನವರೆಗೆ ಎಳೆದು, ಹೆಂಚಿನಿಂದ ಇಳಿಯುವ ನೀರಿನ ಧಾರೆಗೆ ಸೇರಿಸಿಬಿಡುತ್ತೇನೆ. ಎಲ್ಲಿ ಅಕ್ಷರ ಮುಗಿದು ಎಲ್ಲಿ ನೀರು ಶುರುವಾಯಿತು ಎಂಬುದು ಮಕ್ಕಳಿಗೆ ಗೊತ್ತಾಗುವುದಿಲ್ಲ, ಅವರು ಬೆರಳಿಟ್ಟು ಅದರ ಜಾಡು ಹಿಡಿಯುತ್ತಾರೆ. ನಮ್ಮ ದುಂಡಕ್ಷರಗಳು ನೀರಿಗೆ, ಡೋಲಿಗೆ, ಗುಡುಗಿಗೆ ತಾನಾಗಿ ಒಗ್ಗುತ್ತವೆ. ಗಾಜು ಒಡೆಯುವ ಸದ್ದಿಗೆ ಮಾತ್ರ ಕಷ್ಟ. ಅಲ್ಲಿ ‘ಫಳ್’ನ ಸುತ್ತುಗಳನ್ನೇ ಚೂರುಚೂರಾಗಿ ಒಡೆದು ಹರಡಬೇಕಾಗುತ್ತದೆ.

5. ಬಲೂನು ಮೊಟ್ಟೆಯಾಕಾರದಲ್ಲೇ ಇರಬೇಕೆಂದು ಯಾರೂ ಹೇಳಿಲ್ಲ

ಭಾರತದ ಚಿತ್ರಕಥೆಗಳಲ್ಲಿ ನನ್ನ ಕಣ್ಣು ತೆರೆಸಿದ ಪುಸ್ತಕ 2011ರಲ್ಲಿ ನವಯಾನ ಪ್ರಕಟಿಸಿದ ‘ಭೀಮಾಯಣ’. ಅಂಬೇಡ್ಕರ್ ಅವರ ಬದುಕಿನ ಕಥೆ. ಚಿತ್ರಗಳು ಮಧ್ಯಪ್ರದೇಶದ ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು, ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ವ್ಯಾಮ್ ದಂಪತಿ ಪಾತ್ರಗಳನ್ನು ಚೌಕಗಳಲ್ಲಿ ಕೂಡಿಹಾಕಲಿಲ್ಲ. ತಮ್ಮ ಊರಿನ ಗೋಡೆ, ನೆಲಗಳ ಮೇಲೆ ಬರೆಯುವ ದಿಗ್ನಾ ವಿನ್ಯಾಸಗಳನ್ನೇ ಪುಟದ ಗಡಿಗಳಾಗಿ ಹರಿಯಬಿಟ್ಟರು. ರೈಲು ಅಲ್ಲಿ ಹಾವಾಗಿ ಬರುತ್ತದೆ.

ಅದಕ್ಕಿಂತ ದೊಡ್ಡ ಹೊಸತನ ಬಲೂನಿನದು. ಮೃದು ಮಾತಿನವರ, ನೋವುಂಡವರ ಮಾತು ಹಕ್ಕಿಯಾಕಾರದ ಬಲೂನಿನಲ್ಲಿದೆ. ಜಾತಿಯ ವಿಷ ಕಾರುವವರ ಬಲೂನಿಗೆ ಚೇಳಿನ ಕೊಂಡಿಯೇ ಬಾಲ. ಮನಸ್ಸಿನೊಳಗಿನ ಮಾತಿಗೆ ಒಂದು ಕಣ್ಣು. ಬಾಲಕ ಭೀಮನಿಗೆ ನೀರು ನಿರಾಕರಿಸುವ ಮಾತನ್ನು ಓದುವ ಮೊದಲೇ ಆ ಕೊಂಡಿ ಕಾಣುತ್ತದೆ, ಅರ್ಥಕ್ಕಿಂತ ಮುಂಚೆ ಚುಚ್ಚುತ್ತದೆ. ಓದಲು ಬಾರದ ಅಜ್ಜಿಯೂ ಈ ಪುಟದಲ್ಲಿ ಯಾರ ಮಾತು ಕೆಟ್ಟದ್ದೆಂದು ಹೇಳಬಲ್ಲಳು. ಹೊಸತನ ಅಂದರೆ ವಿದೇಶದ ಸಾಫ್ಟ್‌ವೇರ್ ಎಂದು ನಂಬಿರುವ ಶಿಷ್ಯರ ಕೈಗೆ ನಾನು ಮೊದಲು ಈ ಪುಸ್ತಕ ಕೊಡುತ್ತೇನೆ. ಚಿತ್ತಾರ, ಕಿನ್ನಾಳದ ಗೊಂಬೆ, ತೊಗಲುಗೊಂಬೆಗಳ ನಾಡಿನಲ್ಲಿ ಇಂಥ ಇನ್ನೊಂದು ಬಲೂನು ಯಾಕೆ ಹುಟ್ಟಬಾರದು?

6. ಕಣ್ಣು ನಡೆಯುವ ದಿಕ್ಕು ನೋಡಿಕೊಳ್ಳಿ

ತರೀಕೆರೆ ಬಳಿಯ ಅಮೃತಾಪುರಕ್ಕೆ ಹೋಗಿ. 1196ರ ಹೊಯ್ಸಳ ದೇಗುಲ ಅದು. ಮಂಟಪದ ಹೊರಗಿನ ಕಿರುಗೋಡೆಯಲ್ಲಿ ರಾಮಾಯಣ ಚೌಕ ಚೌಕವಾಗಿ ಸಾಗುತ್ತದೆ, ಅದೂ ಪ್ರದಕ್ಷಿಣೆಗೆ ಎದುರು ದಿಕ್ಕಿನಲ್ಲಿ. ಗೋಡೆಗೆ ಮುಖ ಮಾಡಿ ನಿಂತರೆ ತಿಳಿಯುತ್ತದೆ: ಕಥೆ ಎಡದಿಂದ ಬಲಕ್ಕೆ, ಕನ್ನಡದ ಸಾಲಿನಂತೆಯೇ ನಡೆಯುತ್ತದೆ. ನಿಮ್ಮ ಪುಟದಲ್ಲೂ ಓಟ, ನೋಟ, ಬಲೂನಿನ ಬಾಲ ಎಲ್ಲವೂ ಬಲಕ್ಕೆ ವಾಲಲಿ. ಯಾರಾದರೂ ಅಡ್ಡಗಟ್ಟಬೇಕಾದಾಗ ಅವರನ್ನು ಬಲದಿಂದ ಎಡಕ್ಕೆ ತನ್ನಿ.

7. ಮೂಲೆಯ ಇಸವಿಯೂ ಕಥೆ ಹೇಳುತ್ತದೆ

ರಿಚರ್ಡ್ ಮೆಗ್ವೈರ್ ಅವರ ‘ಹಿಯರ್’ 1989ರಲ್ಲಿ ‘ರಾ’ ಪತ್ರಿಕೆಯಲ್ಲಿ ಬಂದ ಆರು ಪುಟದ ಕಥೆ, 2014ರಲ್ಲಿ ಪೂರ್ಣ ಪುಸ್ತಕವಾಯಿತು. ನೋಟ ಒಂದೇ, ಕೋಣೆಯ ಒಂದು ಮೂಲೆ. ಒಂದು ಕಾಲದ ಕೋಣೆಯೊಳಗೆ ಇನ್ನೊಂದು ಕಾಲದ ಸಣ್ಣ ಚೌಕ ತೆರೆದುಕೊಳ್ಳುತ್ತದೆ. ಮೂಲೆಯಲ್ಲಿ ಬರೀ ಇಸವಿ. ಆ ಪುಟಾಣಿ ಅಂಕಿಗಳನ್ನು ಅಳಿಸಿದರೆ ಪುಟ ಗೊಂದಲದ ಗೂಡು. ನಿಮ್ಮ ಮನೆಯ ಪಡಸಾಲೆಯ ಮೂಲೆಯೊಂದನ್ನು ಹೀಗೆ ಒಂದು ಪುಟ ಬರೆದು ನೋಡಿ. ಕಾರ್ಯಾಗಾರದಲ್ಲಿ ಇದಕ್ಕಿಂತ ಫಲ ಕೊಟ್ಟ ಅಭ್ಯಾಸ ಇನ್ನೊಂದಿಲ್ಲ.

8. ಮುದ್ರಣಕ್ಕೆ ಮುನ್ನ

ಪರದೆಯನ್ನು ನಂಬಬೇಡಿ. ಪುಟವನ್ನು ಅಚ್ಚಾಗುವ ಅಳತೆಯಲ್ಲೇ ಪ್ರಿಂಟ್ ತೆಗೆದು, ಕೈ ಚಾಚಿದಷ್ಟು ದೂರದಲ್ಲಿ ಹಿಡಿದು ಓದಿ. ಫಾಂಟ್ ಬಳಸಿದ್ದರೆ ಒತ್ತಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸಿ. ಭಾರತೀಯ ಲಿಪಿಗೆ ಹೊಂದಿಸದ ವಿನ್ಯಾಸ ತಂತ್ರಾಂಶದಲ್ಲಿ ‘ಕ್ಷ’ ಒಡೆದು ಎರಡು ಬಿಡಿ ಅಕ್ಷರವಾಗುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಎಲ್ಲ ಸರಿಯಿದ್ದ ಮೇಲೆ ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿ ಪ್ರೆಸ್ಸಿಗೆ ಕಳಿಸಿ. ತಿದ್ದಲು ಬರುವ ಮೂಲ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಎರಡನೆಯ ಮುದ್ರಣಕ್ಕೆ ಅದೇ ಬೇಕಾಗುತ್ತದೆ.