ದುಡಿಮೆಗೂ ಒಂದು ಗಡಿ ಇರಲಿ

ನಂದೇಶ್ವರ, ಅಕ್ಕಲಕೋಟೆ ಕಡೆಯಿಂದ ಸೋಲಾಪುರದ ಕಾಲೇಜಿಗೆ ಬರುವ ಮಕ್ಕಳೇ, ಸಂಜೆ ಚಾದರದ ಅಂಗಡಿಯಲ್ಲಿ ದುಡಿಯುವುದು ತಪ್ಪಲ್ಲ. ಭಾವೂರಾವ್ ಪಾಟೀಲರು 1919ರಲ್ಲಿ ಕಟ್ಟಿದ ರಯತ ಶಿಕ್ಷಣ ಸಂಸ್ಥೆ ಬಡಮಕ್ಕಳಿಗೆ ದುಡಿಯುತ್ತಲೇ ಓದುವ ದಾರಿ ತೋರಿತು. ಆದರೆ ಅಲ್ಲಿ ದುಡಿಮೆ ಇದ್ದದ್ದೇ ಓದಿಗಾಗಿ. ಅಂಗಡಿಗೆ ನಿಮ್ಮ ಪರೀಕ್ಷೆಯ ಚಿಂತೆಯಿಲ್ಲ. ಮದುವೆ ಹಂಗಾಮಿನಲ್ಲಿ ‘ಇನ್ನೊಂದು ತಾಸು ನಿಲ್ಲು’ ಅಂತಾರೆ. ಆ ಒಂದು ತಾಸಿಗೆ ಊರಿನ ಬಸ್ಸು ತಪ್ಪುತ್ತದೆ, ಮರುದಿನದ ಮೊದಲ ಪಾಠವೂ ಹೋಗುತ್ತದೆ. ‘ಮನೆಗೆ ರೊಕ್ಕ ಬೇಕಲ್ಲ’ ಅನ್ನುತ್ತೀರಿ, ನಿಜ. ಆದರೆ ಹಾಜರಿ ಸಾಲದೆ ಒಂದು ವರ್ಷ ಕೈತಪ್ಪಿದರೆ ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಕನ್ನಡ ಶಾಲೆಯಿಂದ ಬಂದವರಿಗಂತೂ ಮರಾಠಿ, ಇಂಗ್ಲಿಷ್ ಪಾಠ ಹಿಡಿತಕ್ಕೆ ಬರಲು ಹೆಚ್ಚು ವೇಳೆ ಬೇಕು. ಆದ್ದರಿಂದ ಪರೀಕ್ಷೆಯ ರಜೆ, ಬಿಡುವ ವೇಳೆ ಎರಡನ್ನೂ ಕೆಲಸ ಹಿಡಿಯುವ ಮೊದಲೇ ಮಾತಾಡಿಕೊಳ್ಳಿ. ಅದಕ್ಕೂ ಮುಂಚೆ ಕಾಲೇಜಿನಲ್ಲೇ ‘ಕಮವಾ ವ ಶಿಕಾ’ (ಗಳಿಸಿರಿ, ಕಲಿಯಿರಿ) ಯೋಜನೆ ಇದೆಯೇ ಎಂದು ವಿಚಾರಿಸಿ.