ಬಾಲಬಸವಣ್ಣನವರ ಆತ್ಮಾನ್ವೇಷಣೆ: ಹರಿಹರನ ರಗಳೆಯ ಒಂದು ಪರಿಶೀಲನೆ

ಎಳವೆಯಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಗುವಿಗೆ ಅನ್ನವಸ್ತ್ರಗಳ ಕೊರತೆಗಿಂತಲೂ ಮಿಗಿಲಾದ ಕೊರತೆಯೊಂದುಂಟು. ‘ನೀನು ಯಾರ ಮಗ?’ ಎಂದು ಲೋಕವು ಕೇಳಿದಾಗ ಹೇಳಲು ಹೆಸರಿರುತ್ತದೆ. ಆ ಹೆಸರಿಗೆ ಓಗೊಡುವವರಿರುವುದಿಲ್ಲ. ಹಂಪೆಯ ಹರಿಹರನು ‘ಬಸವರಾಜದೇವರ ರಗಳೆ’ಯಲ್ಲಿ ಹೇಳಿರುವ ವೃತ್ತಾಂತವನ್ನು ಈ ದೃಷ್ಟಿಯಿಂದ ಅಭ್ಯಸಿಸುವುದು ಉಚಿತವಾಗಿದೆ.

ಬಸವಣ್ಣನವರ ಬಾಲ್ಯದ ವಿಷಯದಲ್ಲಿ ಪ್ರಾಚೀನ ಕಾವ್ಯಗಳಲ್ಲಿ ಏಕಾಭಿಪ್ರಾಯವಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಅದನ್ನನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಬಾಲಕನು ಉಪನಯನವನ್ನು ನಿರಾಕರಿಸಿ ತಂದೆಯೊಡನೆ ವಾದಿಸುತ್ತಾನೆ. ಹರಿಹರನಲ್ಲಿಯಾದರೋ ವಾದಿಸಲು ತಂದೆಯೇ ಇಲ್ಲ. ಬಾಗೇವಾಡಿಯ ಮಾದರಸ ಮಾದಾಂಬೆಯರು ಮಗನ ಎಳವೆಯಲ್ಲಿಯೇ ಗತಿಸುತ್ತಾರೆ. ಮುತ್ತವ್ವೆಯು ಮಗುವನ್ನು ಸಾಕುತ್ತಾಳೆ.

ಆದುದರಿಂದ ಹರಿಹರನು ಚಿತ್ರಿಸಿದ ಗೃಹತ್ಯಾಗವು ತಂದೆಯ ಮೇಲಣ ಮುನಿಸಿನ ಫಲವಲ್ಲ. 16ರ ಪ್ರಾಯದಲ್ಲಿ ಬಸವಣ್ಣನವರು ಕರ್ಮಮಾರ್ಗಕ್ಕೂ ಶಿವಭಕ್ತಿಗೂ ಹೊಂದಿಕೆಯಿಲ್ಲವೆಂದು ಬಗೆದು, ಯಜ್ಞೋಪವೀತವನ್ನು ಕಿತ್ತೊಗೆದು, ಸಿರಿಯನ್ನೂ ಬಂಧುಬಳಗವನ್ನೂ ತೊರೆದು ಕಪ್ಪಡಿಸಂಗಮದ ದಾರಿ ಹಿಡಿಯುತ್ತಾರೆ. ಯಜ್ಞೋಪವೀತವು ಪಿತೃಪರಂಪರೆಯ ಕುರುಹು. ತಂದೆಯು ಅಗಲಿದ ಮೇಲೂ ಮೈಮೇಲೆ ಉಳಿದಿದ್ದ ಆ ಕುರುಹನ್ನೂ ಬಿಟ್ಟವರಿಗೆ, ತಾನು ಯಾರೆಂಬ ಪ್ರಶ್ನೆಯೊಂದೇ ಜೊತೆಯಾಯಿತು.

ಕೃಷ್ಣಾ ಮಲಪ್ರಭೆಯರು ಕೂಡುವ ಆ ಕ್ಷೇತ್ರದಲ್ಲಿ ಈಶಾನ್ಯಗುರುಗಳ ಆಶ್ರಯ ದೊರೆಯಿತು; ಸಂಗಮೇಶ್ವರನ ಪೂಜೆಗೆ ಹೂವು ನೀರು ತರುವ ಸೇವೆ ದೊರೆಯಿತು. ಆದರೆ ಆ ನೆಲೆಯೂ ಸ್ಥಿರವಾಗಲಿಲ್ಲ. ಮಂಗಳವಾಡಕ್ಕೆ ಹೋಗಬೇಕೆಂದು ಸಂಗಮೇಶ್ವರನೇ ಕನಸಿನಲ್ಲಿ ಆಜ್ಞಾಪಿಸುತ್ತಾನೆ. ತಬ್ಬಲಿಯಾಗಿ ಬೆಳೆದ ಜೀವಕ್ಕೆ ಇದು ಎರಡನೆಯ ಅಗಲಿಕೆ. ಇಲ್ಲಿ ಬಸವಣ್ಣನವರು ಪಡುವ ಸಂಕಟವನ್ನು ಹರಿಹರನು ಮರೆಮಾಚುವುದಿಲ್ಲ. ಮಹಾಪುರುಷರು ಅಳಬಾರದೆಂಬ ನಿಯಮ ಆ ಕವಿಗಿಲ್ಲ. ಬಳಿಕ ನಂದಿಯ ಬಾಯಿಂದ ಮೂಡಿದ ಲಿಂಗವು ಅವರ ಕೈಗೆ ಬರುತ್ತದೆ. ಬಿಟ್ಟು ಹೋಗಬೇಕಾಗಿದ್ದ ಆಶ್ರಯವು ಅಂಗೈಯಲ್ಲಿ ಜೊತೆಗೆ ಬಂದಿತು.

ಮುಂದೆ ವಚನಗಳಲ್ಲಿ ಈ ಅನ್ವೇಷಣೆಯ ಫಲವು ಕಾಣುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇವರ ಮನೆಯಾಳುಗಳ ಮಕ್ಕಳಿಗೆ ಹುಟ್ಟಿದವನು ತಾನೆಂದು ಬಸವಣ್ಣನವರು ಒಂದು ವಚನದಲ್ಲಿ ಸಾರಿ, ಕೂಡಲಸಂಗಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಇದು ಕೇವಲ ವಿನಯೋಕ್ತಿಯಲ್ಲ. ಅಗ್ರಹಾರದಲ್ಲಿ ಹುಟ್ಟಿದವರು ಸಮಾಜವು ಕೀಳೆಂದವರನ್ನು ತಮ್ಮ ಹೆತ್ತವರ ಸ್ಥಾನದಲ್ಲಿ ತಾವಾಗಿ ನಿಲ್ಲಿಸಿಕೊಂಡರು. ಹುಟ್ಟು ಕೊಟ್ಟ ಗುರುತು ಒಂದು. ಬದುಕಿನಿಂದ ಗಳಿಸಿದ ಗುರುತು ಇನ್ನೊಂದು. ಎರಡನೆಯದನ್ನು ಅವರು ಆರಿಸಿಕೊಂಡರು. ತನ್ನನ್ನು ಪರಕೀಯನೆಂದು ಯಾರೂ ಎಣಿಸದಿರಲಿ, ಮನೆಯವನೆಂದೇ ತಿಳಿಯಲಿ ಎಂಬ ಮೊರೆಯೂ ಅವರದೇ. ಆ ಮೊರೆಯನ್ನಿಟ್ಟವರೇ ಕಲ್ಯಾಣದಲ್ಲಿ ಬಂದ ಶರಣರೆಲ್ಲರಿಗೂ ಮನೆಯವರಾದರು.

ಹುಬ್ಬಳ್ಳಿಯ ವಿದ್ಯಾನಗರಕ್ಕೆ ದೂರದ ಹಳ್ಳಿಗಳಿಂದ ಕಲಿಯಲು ಬರುವ ಮಕ್ಕಳಲ್ಲಿ ತಂದೆಯನ್ನೋ ತಾಯಿಯನ್ನೋ ಅರಿಯದವರೂ ಇರುತ್ತಾರೆ. ಅಂಥವರು ದುಃಖವನ್ನು ನುಂಗಿಕೊಳ್ಳಬೇಕಾಗಿಲ್ಲವೆಂಬುದನ್ನೂ, ಗುರುವಿನಲ್ಲಿ, ಕಾಯಕದಲ್ಲಿ, ಸಹವಾಸಿಗಳಲ್ಲಿ ತಮ್ಮ ಗುರುತನ್ನು ಕಂಡುಕೊಳ್ಳಬಹುದೆಂಬುದನ್ನೂ ಈ ರಗಳೆಯಿಂದ ಗ್ರಹಿಸಬಹುದು. ಉಳಿದ ವಿದ್ಯಾರ್ಥಿಗಳು ಗ್ರಹಿಸತಕ್ಕುದು ಇನ್ನೊಂದಿದೆ: ಪಕ್ಕದಲ್ಲಿ ಕುಳಿತ ಅಂಥ ಗೆಳೆಯನನ್ನು ‘ಯಾರ ಮಗ?’ ಎಂದು ಕೆದಕದೆ, ತಮ್ಮವನೆಂದು ಕರೆದು ಜೊತೆಗೆ ಊಟಕ್ಕೆ ಕೂರಿಸಿಕೊಳ್ಳುವುದು.